ಬಸುರಿಯ ಬಾಯಾರಿಕೆ: ಯಾವ ಪಾನೀಯ, ಎಷ್ಟು?

ಗರ್ಭವತಿಯಾದ ಹೆಣ್ಣುಮಗಳ ಊಟದ ಬಗ್ಗೆ ನಮ್ಮ ಮನೆಗಳಲ್ಲಿ ತೋರುವ ಕಾಳಜಿ ದೊಡ್ಡದು. ಬಯಕೆಯ ತಿನಿಸುಗಳನ್ನು ಕೇಳಿ ಮಾಡಿಕೊಡುತ್ತಾರೆ. ಕುಬುಸದ ಸಂಭ್ರಮದಲ್ಲಿ ಬಂಧುಬಳಗವೆಲ್ಲ ಸೇರಿ ಹರಸುತ್ತದೆ. ಆದರೆ ಆಕೆ ದಿನಕ್ಕೆ ಎಷ್ಟು ನೀರು ಕುಡಿದಳೆಂದು ವಿಚಾರಿಸುವವರು ವಿರಳ. ಸ್ವಲ್ಪ ಸುಸ್ತು ಕಂಡರೆ ಔಷಧದಂಗಡಿಯಿಂದ ಬಣ್ಣದ ಪಾನೀಯವೊಂದನ್ನು ತಂದುಕೊಟ್ಟು ಸಮಾಧಾನ ಪಡುವವರೇ ಹೆಚ್ಚು. ಇವುಗಳಲ್ಲಿ ಯಾವುದು ಔಷಧ, ಯಾವುದು ಬರಿಯ ಸಿಹಿನೀರು ಎಂಬ ವಿವೇಚನೆ ಪ್ರತಿಯೊಂದು ಕುಟುಂಬಕ್ಕೂ ಅಗತ್ಯ.

ನೀರಿನ ಅಗತ್ಯ ಏಕೆ ಹೆಚ್ಚು?

ಬಸುರಿನಲ್ಲಿ ತಾಯಿಯ ರಕ್ತದ ಪ್ರಮಾಣ ಶೇಕಡಾ 40ರಿಂದ 50ರಷ್ಟು ಹೆಚ್ಚುತ್ತದೆ. ಗರ್ಭಜಲಕ್ಕೂ ಕೂಸಿನ ಪೋಷಣೆಗೂ ನೀರು ಬೇಕು. ದಿನಕ್ಕೆ 8ರಿಂದ 12 ಲೋಟ ನೀರು ಸಾಮಾನ್ಯವಾಗಿ ಸಾಕಾಗುತ್ತದೆ. ಕಲಬುರ್ಗಿ, ರಾಯಚೂರು, ವಿಜಯಪುರಗಳಲ್ಲಿ ಏಪ್ರಿಲ್-ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವಾಗ ಇನ್ನೂ ಹೆಚ್ಚು ಬೇಕಾಗಬಹುದು. ನೀರಿನಂಶ ಕುಂದಿದರೆ ತಲೆ ತಿರುಗುವುದು, ಮಲಬದ್ಧತೆ, ಉರಿಮೂತ್ರ ಕಾಣಿಸಿಕೊಳ್ಳುತ್ತವೆ. ಕೆಲವೊಮ್ಮೆ ಅಕಾಲದಲ್ಲಿ ಹೊಟ್ಟೆ ಹಿಂಡಿದಂತಾಗುವುದೂ ಉಂಟು.

ನೀರು ಕುಡಿದರೆ ಕಾಲು ಬಾಯುತ್ತದೆಂದು ಹೆದರಿ ನೀರನ್ನೇ ಕಡಿಮೆ ಮಾಡುವುದು ಸರಿಯಲ್ಲ. ಶೌಚಾಲಯ ಸಿಗಲಾರದೆಂದು ಜಾತ್ರೆ, ಮದುವೆಗಳ ಪ್ರಯಾಣದಲ್ಲಿ ದಿನವಿಡೀ ಬಾಯಾರಿಕೆ ತಡೆಯುವುದೂ ತರವಲ್ಲ. ವ್ರತದ ದಿನಗಳಲ್ಲಿಯೂ ಬಸುರಿ ನೀರು ಬಿಟ್ಟಿರಬಾರದು. ಇದನ್ನು ಮನೆಯ ಹಿರಿಯರೇ ಹೇಳಿದರೆ ಆಕೆಯ ಮನಸ್ಸಿಗೆ ಸಂಕೋಚವಾಗದು.

ಉಪ್ಪು-ಸಕ್ಕರೆಯ ಲೆಕ್ಕ

ವಾಂತಿ, ಭೇದಿ, ಅತಿಯಾದ ಬೆವರುಗಳಲ್ಲಿ ನೀರಿನೊಂದಿಗೆ ಸೋಡಿಯಂ, ಪೊಟ್ಯಾಸಿಯಂ ಲವಣಗಳೂ ನಷ್ಟವಾಗುತ್ತವೆ. ಆಗ ನೆರವಾಗುವುದೇ ಓ.ಆರ್.ಎಸ್. ಸಣ್ಣ ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಗೂಡಿ ರಕ್ತವನ್ನು ಸೇರುತ್ತವೆ. ನೀರು ಅವುಗಳ ಬೆನ್ನು ಹಿಡಿದು ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬಿಸ್ ಅವರು ಈ ದ್ರಾವಣದಿಂದಲೇ ಅಸಂಖ್ಯ ಜೀವಗಳನ್ನು ಉಳಿಸಿದರು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ದ್ರಾವಣದಲ್ಲಿ ಗ್ಲೂಕೋಸ್ 13.5 ಗ್ರಾಂ, ಅಡಿಗೆ ಉಪ್ಪು 2.6 ಗ್ರಾಂ, ಸೋಡಿಯಂ ಸಿಟ್ರೇಟ್ 2.9 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ ಇರಬೇಕು. ಈ ಲೆಕ್ಕ ತಪ್ಪಿದರೆ ಗುಣವೂ ತಪ್ಪುತ್ತದೆ. ಸಕ್ಕರೆ ಅತಿಯಾದರೆ ಅದು ನೀರನ್ನು ಕರುಳಿನೊಳಕ್ಕೆ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ.

ವಾಂತಿ-ಭೇದಿಯಾದಾಗ ಬಸುರಿಯರು ಓ.ಆರ್.ಎಸ್. ಸೇವಿಸಲು ಅಂಜಬೇಕಿಲ್ಲ. ಆದರೆ ಶಕ್ತಿವರ್ಧಕವೆಂದು ಭಾವಿಸಿ ನಿತ್ಯವೂ ಕುಡಿಯುವಂತಿಲ್ಲ. ಒಂದು ಲೀಟರಿನಲ್ಲಿ ಸುಮಾರು 1.7 ಗ್ರಾಂ ಸೋಡಿಯಂ ಇರುತ್ತದೆ; ಇಡೀ ದಿನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 2 ಗ್ರಾಂ. ರಕ್ತದೊತ್ತಡ, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಅಂಗಡಿಯ ಬಾಟಲಿಗಳು

ಕ್ರೀಡಾಪಟುಗಳಿಗೆಂದು ಮಾರುವ ಪಾನೀಯಗಳಲ್ಲಿ 100 ಮಿಲಿಲೀಟರಿಗೆ ಸುಮಾರು 6 ಗ್ರಾಂ ಸಕ್ಕರೆ ಇರುತ್ತದೆ, ಓ.ಆರ್.ಎಸ್.ನಲ್ಲಿ ಇರುವುದು 1.35 ಗ್ರಾಂ ಮಾತ್ರ. ಬಸುರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡವರಿಗೆ ಇಂತಹ ಪಾನೀಯ ಹಿತವಲ್ಲ. ಓ.ಆರ್.ಎಸ್. ಎಂಬ ಹೆಸರು ಹೊತ್ತು ಹಣ್ಣಿನ ರಸದಂತಹ ಪೊಟ್ಟಣಗಳು ಬಹುಕಾಲ ಮಾರಾಟವಾದವು. 2025ರ ಅಕ್ಟೋಬರಿನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಆಹಾರ ಪಾನೀಯಗಳ ಹೆಸರಿನಲ್ಲಿ ಆ ಪದ ಬಳಸಕೂಡದೆಂದು ಆಜ್ಞೆ ಮಾಡಿತು. ಹೀಗಾಗಿ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಮುದ್ರಿಸಿದೆಯೇ ಎಂದು ನೋಡಿರಿ. ಕೆಫೀನ್ ಬೆರೆತ ಎನರ್ಜಿ ಡ್ರಿಂಕುಗಳನ್ನಂತೂ ಗರ್ಭಿಣಿಯರು ಮುಟ್ಟಲೇಬಾರದು.

ಬೆರೆಸುವ ಕ್ರಮ

ಮಾರುಕಟ್ಟೆಯಲ್ಲಿ ಒಂದು ಲೀಟರಿನ ದೊಡ್ಡ ಪೊಟ್ಟಣವೂ 200 ಮಿಲಿಲೀಟರಿನ ಚಿಕ್ಕ ಪೊಟ್ಟಣವೂ ದೊರೆಯುತ್ತವೆ. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ಉಪ್ಪು ಅಪಾಯದ ಮಟ್ಟಕ್ಕೇರುತ್ತದೆ. ಆದ್ದರಿಂದ ಪೊಟ್ಟಣದ ಮೇಲಿನ ಅಳತೆ ಓದಿ, ಕಾಯಿಸಿ ಆರಿಸಿದ ನೀರಿನಲ್ಲಿ ಇಡಿಯ ಪೊಟ್ಟಣವನ್ನು ಒಮ್ಮೆಗೇ ಕದಡಬೇಕು. ಬೆರೆಸಿದ ಮೇಲೆ ಮತ್ತೆ ಕಾಯಿಸಬಾರದು. ಹಾಲು, ಸಕ್ಕರೆ ಸೇರಿಸಬಾರದು. 24 ಗಂಟೆಗಳ ನಂತರ ಉಳಿದುದನ್ನು ಚೆಲ್ಲಬೇಕು. ವಾಂತಿಯಾಗುತ್ತಿದ್ದರೆ ಒಂದೊಂದೇ ಗುಟುಕು ಕುಡಿಸಿರಿ. ಭೇದಿಯಾದರೆ ಪ್ರತಿ ಸಲವೂ ಒಂದು ಲೋಟ ಕೊಡಿರಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ಈ ಪೊಟ್ಟಣಗಳನ್ನು ವಿಚಾರಿಸಬಹುದು. ಅದು ಸಿಗದಿದ್ದಲ್ಲಿ ಒಂದು ಲೀಟರ್ ನೀರಿಗೆ ಮಟ್ಟಸವಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ತಾತ್ಕಾಲಿಕವಾಗಿ ಕೊಡಬಹುದು.

ವಾಂತಿ-ಭೇದಿಯಿಲ್ಲದ ದಿನಗಳಿಗೆ ಶುದ್ಧ ನೀರು, ತಿಳಿಮಜ್ಜಿಗೆ, ಅಂಬಲಿ, ಗಂಜಿ ಇವೇ ಸಾಕು. ಎಳನೀರೂ ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಆದ್ದರಿಂದ ಭೇದಿಯಲ್ಲಿ ಅದು ಓ.ಆರ್.ಎಸ್.ಗೆ ಸಮವಾಗಲಾರದು.

ಯಾವಾಗ ಆಸ್ಪತ್ರೆಗೆ?

ದಿನವಿಡೀ ಕುಡಿದುದೆಲ್ಲ ವಾಂತಿಯಾದರೆ, ಎಂಟು ಗಂಟೆ ಮೂತ್ರವಾಗದಿದ್ದರೆ ಅಥವಾ ಕಡುಬಣ್ಣಕ್ಕೆ ತಿರುಗಿದರೆ, ಜ್ವರ, ಮಲದಲ್ಲಿ ರಕ್ತ, ಕಣ್ಣು ಕತ್ತಲೆ ಕಂಡರೆ, ಕೂಸಿನ ಚಲನೆ ಕಡಿಮೆಯಾದರೆ, ಹೊಟ್ಟೆನೋವು ಬಿಟ್ಟು ಬಿಟ್ಟು ಬಂದರೆ ತಡಮಾಡಬೇಡಿರಿ. ಮುಖ, ಕೈ ಬಾತು ತಲೆ ಸಿಡಿಯುತ್ತಿದ್ದರೆ ಅದು ರಕ್ತದೊತ್ತಡದ ಸೂಚನೆ. ಇಂತಹ ವೇಳೆ ಮನೆಯ ಉಪಚಾರವನ್ನೇ ನೆಚ್ಚಿ ಕೂಡುವುದು ತಾಯಿ-ಕೂಸು ಇಬ್ಬರಿಗೂ ಗಂಡಾಂತರ.

ಚೊಚ್ಚಲು ಬಸುರಿ ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳಲಾರಳು. ಅತ್ತೆಯವರಾಗಲಿ, ತಾಯಿಯಾಗಲಿ, ಗಂಡನಾಗಲಿ ಊಟವಾಯಿತೇ ಎಂದು ಕೇಳುವಾಗ ನೀರು ಕುಡಿದೆಯಾ ಎಂದೂ ಕೇಳುವ ರೂಢಿ ಪ್ರತಿ ಮನೆಯಲ್ಲಿಯೂ ಬೆಳೆಯಲಿ.