ತಾಳೆಗರಿಯ ಮುಂದೆ ಕ್ಯಾಮೆರಾ

ಮಾಧ್ಯಮ ಅಧ್ಯಯನದ ನಾಲ್ವರು ವಿದ್ಯಾರ್ಥಿಗಳು ಡಾ. ಫ.ಗು. ಹಳಕಟ್ಟಿಯವರನ್ನು ಕುರಿತು ಹತ್ತು ನಿಮಿಷದ ವಿಡಿಯೋ ಚಿತ್ರ ಮಾಡಬೇಕೆಂದು ನಮ್ಮಲ್ಲಿಗೆ ಬಂದಿದ್ದರು. ಸಂಗೀತ ಆಗಲೇ ಗೊತ್ತಾಗಿತ್ತು, ಚಿತ್ರಕಥೆ ಇರಲಿಲ್ಲ. "ಏನನ್ನು ತೋರಿಸುವಿರಿ?" ಎಂದೆವು. ಮೌನವೇ ಉತ್ತರವಾಯಿತು.

1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದು, ಮರುವರ್ಷ 'ಶಿವಾನುಭವ' ಪತ್ರಿಕೆ ಹೊರಡಿಸಿದ ಆ ಮಹನೀಯರು ಓಲೆಗಳನ್ನು ಅರಸಿ ಊರೂರು ತಿರುಗಿದವರು. ಆದುದರಿಂದ ಓಲೆಯನ್ನೇ ಮೊದಲು ತೋರಿಸಿರೆಂದು ಒಂದು ಕಟ್ಟನ್ನು ಬಿಚ್ಚಿಕೊಟ್ಟೆವು. ಕಂಟದಿಂದ ಕೊರೆದು ಮಸಿ ಮಾಸಿದ ಅಕ್ಷರ ನೇರ ಬೆಳಕಿಗೆ ಕಾಣದು. ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟಾಗ ಗೆರೆಯಲ್ಲಿ ನೆರಳು ನಿಂತು ಓದಲು ಬರುವುದು. ಅದಕ್ಕೇ ಅರ್ಧ ದಿನ ಹಿಡಿಯಿತು.

ಹಿರಿಯರೊಬ್ಬರ ಸಂದರ್ಶನ ಫ್ಯಾನಿನ ಸದ್ದಿನಿಂದ ಕೆಟ್ಟಿತು. ಅವರು ಮತ್ತೊಮ್ಮೆ ಹೇಳಿದರು. ಮೊದಲಿನ ಗದ್ಗದ ಮಾತ್ರ ಮರಳಲಿಲ್ಲ. ಕೆಟ್ಟ ಧ್ವನಿಯದನ್ನೇ ಇಡೋಣವೆಂದು ಹುಡುಗರು, ಬೇಡವೆಂದು ನಾವು. ಕೊನೆಗೆ ಅವರ ಮಾತೇ ನಡೆಯಿತು.