ದುದ್ದದ ಗೋಡೆಯ ಮೇಲೆ ಉಲ್ಟಾ ಜಪಾನ್

ದುದ್ದ ಅಂದರೆ ಮಂಡ್ಯದವರು ನಮ್ಮದು ಅನ್ನುತ್ತಾರೆ. ನಾನು ಹೇಳುತ್ತಿರುವುದು ಹಾಸನ ತಾಲ್ಲೂಕಿನ ದುದ್ದ. ಅಲ್ಲಿನ ನೆಂಟರ ಮನೆಯ ಹಜಾರದಲ್ಲಿ, ದೇವರ ಪಟವಿರುವ ಕ್ಯಾಲೆಂಡರಿನ ಪಕ್ಕ, ಹೊಸದೊಂದು ನಕಾಶೆ ತೂಗುತ್ತಿತ್ತು. ಜಪಾನಿನಲ್ಲಿ ಕೆಲಸಕ್ಕಿರುವ ಮನೆಯ ಹುಡುಗ ಹಬ್ಬಕ್ಕೆ ಬಂದವನು ತಂದು ಹಾಕಿದ್ದ.

‘ನೋಡಿ ಭಾವ, ಇವ್ನು ದೇಶಾನೇ ತಲೆಕೆಳಗು ನೇತಾಕವ್ನೆ’ ಎಂದರು ಅವನಪ್ಪ.

‘ಇಲ್ಲ ಮಾವ, ಅಚ್ಚಾಗಿರೋದೇ ಹಿಂಗೆ. ಸರ್ಕಾರದೋರೇ ಮಾಡಿರೋದು’ ಎಂದ ಹುಡುಗ.

ಅವನು ಹೇಳಿದ್ದು ಸರಿ. ಸರ್ಕಾರ ಅಂದರೆ ಟೋಕಿಯೊದ್ದಲ್ಲ. ಜಪಾನಿನ 47 ಪ್ರಾಂತ್ಯಗಳಲ್ಲಿ ಒಂದಾದ ತೊಯಾಮಾ 1990ರ ದಶಕದಲ್ಲಿ ತಾನೇ ಮಾಡಿಸಿದ ನಕಾಶೆ ಅದು. ಚೀನಾ, ಕೊರಿಯಾ, ರಷ್ಯಾ ಕೆಳಗೆ ಹರಡಿಕೊಂಡಿವೆ; ಜಪಾನ್ ಮೇಲೆ ಬಾಗಿ ನಿಂತಿದೆ. ನಡುವೆ ಜಪಾನ್ ಸಮುದ್ರ. ಶಾಲೆಯ ಅಟ್ಲಾಸಿನಲ್ಲಿ ಮೂಲೆಗೆ ಸರಿದಂತೆ ಕಾಣುವ ಆ ನೀರು ಇಲ್ಲಿ ಥೇಟ್ ಊರ ಕೆರೆ. ಸುತ್ತಲಿನ ದೇಶಗಳ ಹಿತ್ತಲು ಬಾಗಿಲೆಲ್ಲ ಅದರ ಕಡೆಗೇ ತೆರೆದಿವೆ. ತೊಯಾಮಾ ಇರುವುದು ಟೋಕಿಯೊಗೆ ಬೆನ್ನು ಹಾಕಿದ ಪಶ್ಚಿಮ ಕರಾವಳಿಯಲ್ಲಿ. ರಾಜಧಾನಿಯಿಂದ ನೋಡಿದರೆ ಬೆಟ್ಟದಾಚೆಯ ಹಿಂಭಾಗ. ಈ ನಕಾಶೆಯಲ್ಲಿ ಮಾತ್ರ ಅದೇ ಮಧ್ಯ.

ನಾನಂತೂ ಕಾಫಿ ಆರಿದ್ದೂ ತಿಳಿಯದೆ ಅದರ ಮುಂದೆ ನಿಂತೆ. ವ್ಲಾಡಿವೊಸ್ಟಾಕ್ ಇಷ್ಟು ಹತ್ತಿರವೇ? ಕೊರಿಯಾದ ಬೂಸಾನ್ ಇಲ್ಲೇ ಪಕ್ಕದಲ್ಲಿದೆಯಲ್ಲ! ಯಾವ ಊರೂ ಜಾಗ ಬದಲಿಸಿಲ್ಲ, ಒಂದು ಗೆರೆಯೂ ಸುಳ್ಳಲ್ಲ. ಕಾಗದ ತಿರುಗಿದೆ, ಅಷ್ಟೇ. ಒಂದು ಪ್ರಾಂತ್ಯದ ಕಚೇರಿ ‘ನಮ್ಮ ಎದುರುಮನೆಯವರು ಯಾರು’ ಎಂದು ತಾನೇ ಕೂತು ಯೋಚಿಸಿದ್ದಕ್ಕೆ ಇದಕ್ಕಿಂತ ಚಂದದ ಪುರಾವೆ ನಾನು ಕಂಡಿಲ್ಲ. ಯೋಚನೆ ಕಾಗದದಲ್ಲೇ ಉಳಿಯಲೂ ಇಲ್ಲ. ತೊಯಾಮಾ 1984ರಲ್ಲಿ ಚೀನಾದ ಲಿಯಾವೊನಿಂಗ್ ಪ್ರಾಂತ್ಯದೊಂದಿಗೆ, 1992ರಲ್ಲಿ ವ್ಲಾಡಿವೊಸ್ಟಾಕ್ ಇರುವ ರಷ್ಯಾದ ಪ್ರಿಮೋರ್ಸ್ಕಿಯೊಂದಿಗೆ ಸ್ನೇಹಸಂಬಂಧ ಬೆಳೆಸಿತು. ಆ ಸಮುದ್ರದ ಮಾಲಿನ್ಯ ತಡೆಯಲು ಜಪಾನ್, ಚೀನಾ, ಕೊರಿಯಾ, ರಷ್ಯಾ ಸೇರಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದಡಿ ಮಾಡಿಕೊಂಡ ಯೋಜನೆಯ ಸಮನ್ವಯ ಕಚೇರಿ ಇಂದು ಎರಡೇ ಊರಲ್ಲಿದೆ: ಒಂದು ಬೂಸಾನ್, ಇನ್ನೊಂದು ತೊಯಾಮಾ. ಟೋಕಿಯೊ ಅಲ್ಲ.

ಜಪಾನಿನ ಸಂವಿಧಾನ ವಿದೇಶಾಂಗವನ್ನು ಮಂತ್ರಿಮಂಡಲದ ಕೈಗೇ ಕೊಟ್ಟಿದೆ, ನಮ್ಮಲ್ಲಿ ಕೇಂದ್ರಪಟ್ಟಿಗೆ ಸೇರಿಸಿದ ಹಾಗೆ. ಆದರೆ ಅಲ್ಲಿ ಗವರ್ನರ್ ಅಂದರೆ ರಾಜಭವನದ ಅತಿಥಿಯಲ್ಲ, ಜನ ನೇರ ಆರಿಸಿ ಕಳಿಸಿದವನು. ನಾಗಸಾಕಿ ನಗರ 1955ರಲ್ಲಿ ಅಮೆರಿಕದ ಸೇಂಟ್ ಪಾಲ್ ಜೊತೆ ಸೋದರಿ ನಗರದ ನಂಟು ಬೆಳೆಸಿದ ಮೇಲೆ ಅಂಥ ಸಂಬಂಧಗಳು 1,700 ದಾಟಿವೆ. ಯೊಕೊಹಾಮಾ 1965ರಲ್ಲೇ ಮುಂಬೈಯನ್ನು ಹಿಡಿಯಿತು. ಇವುಗಳಲ್ಲಿ ಎಷ್ಟೋ ಹಾರ, ಶಾಲು, ಗ್ರೂಪ್ ಫೋಟೊಗೆ ಮುಗಿಯುವಂಥವು ಎಂಬುದು ನನ್ನ ಗುಮಾನಿ. ತೊಯಾಮಾ 2015ರಲ್ಲಿ ನಮ್ಮ ನೆರೆಯ ಆಂಧ್ರದ ಜೊತೆಗೂ ಒಡಂಬಡಿಕೆ ಮಾಡಿಕೊಂಡಿದೆ. ಆದರೆ ಅವೆರಡರ ನಡುವೆ ಕೆರೆಯಿಲ್ಲ.

ಸ್ಥಳೀಯ ಸರ್ಕಾರಕ್ಕೆ ಹಲ್ಲು ಬರುವುದು ಅದರ ಕೈಯಲ್ಲಿ ತನ್ನದೇ ಆದ ಏನಾದರೂ ಇದ್ದಾಗ. ಕೋಬೆಯ ಕೈಯಲ್ಲಿ ಬಂದರಿತ್ತು. ಅಣ್ವಸ್ತ್ರ ಹೊತ್ತ ಹಡಗು ಬರಕೂಡದೆಂದು ನಗರಸಭೆ 1975ರಲ್ಲಿ ನಿರ್ಣಯ ಮಾಡಿತು. ವಿದೇಶಿ ಯುದ್ಧನೌಕೆ ಬರುವುದಾದರೆ ಅಣ್ವಸ್ತ್ರವಿಲ್ಲವೆಂದು ಪತ್ರ ಕೊಡಬೇಕಿತ್ತು. ಇದೆಯೋ ಇಲ್ಲವೋ ಹೇಳುವುದಿಲ್ಲ ಎಂಬುದು ಅಮೆರಿಕದ ನೌಕಾಪಡೆಯ ಪಟ್ಟು. ಹಾಗಾಗಿ ಅದು ದಶಕಗಳ ಕಾಲ ಕೋಬೆಯತ್ತ ತಲೆ ಹಾಕಲಿಲ್ಲ. ಹಲ್ಲು ಕಚ್ಚಿದ್ದೂ ಉಂಟು. ಶಿಮಾನೆ ಪ್ರಾಂತ್ಯ 2005ರಲ್ಲಿ ಕೊರಿಯಾ ಜೊತೆಗಿನ ವಿವಾದದ ದ್ವೀಪಗಳ ಹೆಸರಲ್ಲಿ ‘ತಕೆಶಿಮಾ ದಿನ’ ಘೋಷಿಸಿದ್ದೇ ತಡ, ಕೊರಿಯಾದ ಉತ್ತರ ಗ್ಯೊಂಗ್‌ಸಾಂಗ್ ಪ್ರಾಂತ್ಯ ನಂಟು ಕಡಿದುಕೊಂಡಿತು. 2012ರಲ್ಲಿ ಟೋಕಿಯೊ ಗವರ್ನರ್ ಇಶಿಹಾರಾ, ಚೀನಾ ಜೊತೆ ವಿವಾದವಿರುವ ಸೆಂಕಾಕು ದ್ವೀಪಗಳನ್ನು ಕೊಳ್ಳುತ್ತೇನೆಂದು ಚಂದಾ ಎತ್ತಲು ಹೊರಟಾಗ, ಅದನ್ನು ತಪ್ಪಿಸಲು ಕೇಂದ್ರವೇ ಕೊಂಡಿತು. ಚೀನಾದ ಬೀದಿಗಳು ಹೊತ್ತಿಕೊಂಡವು.

ನಮ್ಮಲ್ಲಿ ಇಂಥದ್ದೆಲ್ಲಿದೆ ಎಂದು ಹುಡುಗ ಕೇಳಿದ. ದೂರ ಹೋಗಬೇಕಿಲ್ಲ, ಹೊಳೆನರಸೀಪುರಕ್ಕೆ ಹೋದರೆ ಸಾಕು. ಹರದನಹಳ್ಳಿಯ ದೇವೇಗೌಡರು ಹಾಸನದಲ್ಲಿ ಸಿವಿಲ್ ಡಿಪ್ಲೊಮಾ ಓದಿ, ರಾಜ್ಯದಲ್ಲಿ ನೀರಾವರಿ ಖಾತೆ ನೋಡಿ, ಮುಖ್ಯಮಂತ್ರಿಯಾಗಿ ಕಾವೇರಿ ಜಗಳದ ಬಿಸಿ ಉಂಡು, 1996ರ ಜೂನ್‌ನಲ್ಲಿ ಪ್ರಧಾನಿಯಾದರು. ಅದೇ ವರ್ಷ ಡಿಸೆಂಬರ್ 12ರಂದು ದಿಲ್ಲಿಯಲ್ಲಿ ಬಾಂಗ್ಲಾದೇಶದ ಶೇಖ್ ಹಸೀನಾ ಜೊತೆ ಗಂಗಾ ನೀರಿನ ಒಪ್ಪಂದಕ್ಕೆ ಸಹಿ ಹಾಕಿದರು. ಫರಕ್ಕಾ ಅಣೆಕಟ್ಟು 1975ರಲ್ಲಿ ಶುರುವಾದಾಗಿನಿಂದ ಎಳೆದಾಡಿದ ವಿಷಯ. ಜನವರಿಯಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ ಹತ್ತು ಹತ್ತು ದಿನಗಳ ಲೆಕ್ಕ: ಹರಿವು 70,000 ಕ್ಯುಸೆಕ್ ಅಥವಾ ಅದಕ್ಕೂ ಕಡಿಮೆಯಾದರೆ ಸಮಪಾಲು, 75,000ದವರೆಗೆ ಬಾಂಗ್ಲಾಕ್ಕೆ 35,000, ಉಳಿದದ್ದು ನಮಗೆ, ಅದಕ್ಕೂ ಮೇಲಾದರೆ ನಮಗೆ 40,000, ಉಳಿದದ್ದು ಅವರಿಗೆ.

ಸಹಿಗೆ ಮುನ್ನ ಢಾಕಾಕ್ಕೆ ಹೋಗಿ ಮಾತಾಡಿ ದಾರಿ ಹದ ಮಾಡಿದವರಲ್ಲಿ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಮುಖ್ಯರು. ಪಕ್ಷ ಬೇಡವೆನ್ನದಿದ್ದರೆ ಆ ವರ್ಷ ಪ್ರಧಾನಿ ಕುರ್ಚಿಯಲ್ಲಿ ಕೂರಬಹುದಾಗಿದ್ದ ಮನುಷ್ಯ. ವಿದೇಶಾಂಗ ಸಚಿವ ಗುಜ್ರಾಲ್ ಅವರ ನೆರೆಹೊರೆ ನೀತಿಗೆ ಇದರ ಕೀರ್ತಿ ಸಲ್ಲಿಸುವವರಿದ್ದಾರೆ. ಬಸು ಅವರ ಪಕ್ಷದ ಬೆಂಬಲದ ಮೇಲೆ ಸರ್ಕಾರ ನಿಂತಿದ್ದರಿಂದ ಕರೆಯದೆ ವಿಧಿಯಿರಲಿಲ್ಲ ಎನ್ನುವವರೂ ಇದ್ದಾರೆ. ಎರಡರಲ್ಲೂ ನಿಜವಿದೆ. ಆದರೂ ನಮ್ಮ ಜಿಲ್ಲೆಯವನಾದ ನನಗೆ ಅನಿಸುವುದು ಬೇರೆ: ನಾಲೆಯ ಜಗಳ ಬಿಡಿಸಿ ಬಂದವರಿಗೆ, ನೀರು ಯಾರ ಹೊಲದ ಮೇಲೆ ಹರಿಯುತ್ತದೋ ಅವರನ್ನು ಬಿಟ್ಟು ಪಂಚಾಯ್ತಿ ನಡೆಯದು ಎಂದು ಯಾರೂ ಕಲಿಸಬೇಕಿಲ್ಲ.

ಕಲಿಯದಿದ್ದರೆ ಏನಾಗುತ್ತದೆಂಬುದು 2011ರ ಸೆಪ್ಟೆಂಬರ್‌ನಲ್ಲಿ ಕಂಡಿತು. ಪ್ರಧಾನಿ ಮನಮೋಹನ್ ಸಿಂಗ್ ಜೊತೆ ಢಾಕಾಕ್ಕೆ ಹೊರಡಬೇಕಿದ್ದ ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಕಡೇ ಗಳಿಗೆಯಲ್ಲಿ ಹಿಂದೆ ಸರಿದರು; ತೀಸ್ತಾ ನದಿ ನೀರಿನ ಒಪ್ಪಂದ ಅಂದು ನಿಂತದ್ದು ನಿಂತೇ ಹೋಯಿತು. 2024ರ ಜೂನ್‌ನಲ್ಲಿ, ರಾಜ್ಯವನ್ನು ಕೇಳದೆ ಗಂಗೆ, ತೀಸ್ತಾ ಮಾತುಕತೆ ಬೇಡವೆಂದು ಅವರು ಪ್ರಧಾನಿಗೆ ಪತ್ರ ಬರೆದರು. ಗಂಗಾ ಒಪ್ಪಂದದ 30 ವರ್ಷದ ಅವಧಿ ಮುಗಿಯುವುದು 2026ರ ಡಿಸೆಂಬರ್‌ಗೆ.

ನಮ್ಮ ಹೇಮಾವತಿಯೂ ಈ ಲೆಕ್ಕದಿಂದ ಹೊರಗಿಲ್ಲ. ಗೊರೂರಿನಿಂದ ಇಳಿದು ಕಾವೇರಿ ಸೇರುವ ನೀರಿನ ಪಾಲು ಬೆಂಗಳೂರಿನ ನಲ್ಲಿಗೂ ಹೋಗುತ್ತದೆ. 2024ರಲ್ಲಿ ಉದ್ಘಾಟನೆಯಾದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತಕ್ಕೆ ಸಾಲ ಕೊಟ್ಟದ್ದು ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ ಜೈಕಾ. ಸಾಲದ ಕರಾರಿಗೆ ಸಹಿ ಮಾಡುವುದು ದಿಲ್ಲಿ, ನೀರು ಕುಡಿಯುವುದು ಬೆಂಗಳೂರು. ಹಾಸನ ಜಿಲ್ಲಾ ಪಂಚಾಯಿತಿ ರಾಯಭಾರಿಯನ್ನು ನೇಮಿಸಲಿ ಎಂದು ನಾನು ಹೇಳುತ್ತಿಲ್ಲ. ತೊಯಾಮಾದವರಂತೆ ನಮ್ಮ ನೀರು ಎಲ್ಲೆಲ್ಲಿಗೆ, ಯಾರ ದುಡ್ಡಿನಲ್ಲಿ ಹೋಗುತ್ತದೆಂಬ ನಕಾಶೆಯೊಂದನ್ನು ಬರೆಸಿ ಮೀಟಿಂಗ್ ಹಾಲಿನಲ್ಲಿ ಹಾಕಿಕೊಳ್ಳಲಿ. ಮುಂದಿನ ಸಾಲದ ಮಾತು ಬಂದಾಗ ಕೇಳಬೇಕಾದ ಪ್ರಶ್ನೆಗಳು ಅದರಲ್ಲೇ ಸಿಗುತ್ತವೆ.