ಜರಡಿಯಿಲ್ಲದ ದರ್ಜೆ: ಮೊಬೈಲಿನ ಜಾಲತಾಣಗಳಿಗೂ ಅಳತೆ ಬೇಕು



ದರ್ಜೆ ಎಂದರೇನೆಂದು ನಮ್ಮ ಸದಸ್ಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂಟೆಯ ಮೇಲೆ ಪ್ಲಾಂಟೇಷನ್ 'ಎ' ಎಂದು ಬರೆದ ಮಾತ್ರಕ್ಕೆ ಕಾಫಿ 'ಎ' ಆಗುವುದಿಲ್ಲ; 6.65 ಮಿಲಿಮೀಟರ್ ರಂಧ್ರದ ಜರಡಿಯ ಮೇಲೆ ಬೀಜ ನಿಲ್ಲಬೇಕು. ಪಾರ್ಚ್‌ಮೆಂಟಿನ ತೇವಾಂಶ ಶೇಕಡಾ 10ನ್ನು ಮೀರಿದರೆ ಅದರ ಪೆಟ್ಟು ನಮ್ಮ ಜೇಬಿಗೇ ಬೀಳುತ್ತದೆ. ಅಡಿಕೆಯಲ್ಲಿಯೂ ರಾಶಿ, ಬೆಟ್ಟೆ, ಗೊರಬಲು ಎಂದು ಬೇರ್ಪಡಿಸಿಯೇ ಬೆಲೆ ಕಟ್ಟುತ್ತಾರೆ. ಅಳತೆ, ಅಳೆಯುವ ಕೈ, ತಪ್ಪಿದರೆ ನಷ್ಟ, ಈ ಮೂರೂ ಕೂಡಿದಾಗಲೇ ದರ್ಜೆಗೆ ಅರ್ಥ.

ಈ ಮಾತನ್ನು ಎತ್ತಲು ಕಾರಣ ನಮ್ಮ ಕೈಯಲ್ಲಿರುವ ಮೊಬೈಲು. ಪಹಣಿ, ಸಹಾಯಧನದ ಅರ್ಜಿ, ಬೆಳೆ ವಿಮೆ, ದಿನದ ಧಾರಣೆ, ಎಲ್ಲವೂ ಈಗ ಜಾಲತಾಣಗಳಲ್ಲಿ ಇವೆ. ಆ ತಾಣಗಳನ್ನು ನಾವು ನೋಡುವುದು ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಅಲ್ಲ. ತೋಟದ ದಿಣ್ಣೆ ಹತ್ತಿ, ಸಿಗ್ನಲ್ ಸಿಕ್ಕುವ ಸಿಲ್ವರ್ ಓಕ್ ಮರದ ಬುಡದಲ್ಲಿ ನಿಂತು.

ಕಳೆದ ಮಳೆಗಾಲದಲ್ಲಿ ಅರುವತ್ತು ದಾಟಿದ ನಮ್ಮ ಸದಸ್ಯರೊಬ್ಬರು ಹಾಗೆಯೇ ನಿಂತು ಒಂದು ಅರ್ಜಿ ತುಂಬಿದರು. ಪುಟ ಪರದೆಗಿಂತ ಅಗಲವಾಗಿತ್ತು. 'ಸಲ್ಲಿಸಿ' ಎಂಬ ಗುಂಡಿ ಬಲಕ್ಕೆ, ಕಣ್ಣಿಗೆ ಕಾಣದ ಕಡೆ ಉಳಿದಿತ್ತು. ಕನ್ನಡದ ಅರ್ಧ ಅಕ್ಷರಗಳು ಬರೀ ಚೌಕಗಳಾಗಿ ಬಂದಿದ್ದವು. ತುಂಬಿದ್ದೇ ಸಲ್ಲಿಕೆಯೆಂದು ಅವರು ಮನೆಗೆ ಹೋದರು. ಕೊನೆಯ ದಿನಾಂಕ ಕಳೆಯಿತು. ಕಚೇರಿಯಲ್ಲಿ ವಿಚಾರಿಸಿದರೆ, "ನಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಬರುತ್ತದಲ್ಲ" ಎಂಬ ಉತ್ತರ.

ನಾನು ಸಿಟ್ಟಿನಿಂದ ಮೈಸೂರಿಗೆ ಮರಳಿದೆ. ಆ ರಾತ್ರಿ ನಮ್ಮ ಸಂಘದ ಧಾರಣೆಯ ಪುಟವನ್ನೇ ಮನೆಯಲ್ಲಿದ್ದ ಹಳೆಯ ಮೊಬೈಲಿನಲ್ಲಿ ತೆರೆದು ನೋಡಿದೆ. ವಾರ್ಷಿಕ ಸಭೆಯ ದೊಡ್ಡ ಚಿತ್ರಗಳೇ ಮೊದಲು ಇಳಿಯುತ್ತಿದ್ದವು. ಧಾರಣೆಯ ಪಟ್ಟಿ ಅವುಗಳ ಕೆಳಗೆ, ಅದೂ ಚಿತ್ರದ ರೂಪದಲ್ಲಿ, ಹಿಗ್ಗಿಸಿದರೆ ಮಸುಕು. ಆ ತಾಣದ ಬಿಲ್ಲಿಗೆ ಸಹಿ ಹಾಕಿದವನು ನಾನೇ, ಅದೂ ಕಚೇರಿಯ ಕಂಪ್ಯೂಟರಿನಲ್ಲಿ ನೋಡಿ ಮೆಚ್ಚಿ!

ಹಾಗಾದರೆ ಇದಕ್ಕೆ ಅಳತೆಯೇ ಇಲ್ಲವೆ? ಧಾರಾಳವಾಗಿ ಇದೆ. ಅದನ್ನು ಜಾರಿಗೆ ತರಲು ಲೋಕದಲ್ಲಿ ಈವರೆಗೆ ಮೂರು ದಾರಿಗಳನ್ನು ಹಿಡಿದಿದ್ದಾರೆ.

ಮೊದಲನೆಯದು ಹೆಸರಿನ ದಾರಿ. ಮೊಬೈಲಿಗೆಂದೇ '.ಮೊಬಿ' ಎಂಬ ವಿಳಾಸಕ್ಕೆ 2005ರಲ್ಲಿ ಒಪ್ಪಿಗೆ ದೊರೆತು, 2006ರಲ್ಲಿ ಮಾರಾಟ ಆರಂಭವಾಯಿತು. ಆ ಹೆಸರು ಕೊಂಡವರು ಚಿಕ್ಕ ಪರದೆಗೆ ಹೊಂದುವ ಪುಟಗಳನ್ನೇ ಇಡಬೇಕೆಂಬ ಷರತ್ತಿತ್ತು. ವೆಬ್ಬಿನ ಜನಕ ಟಿಮ್ ಬರ್ನರ್ಸ್-ಲೀ 2004ರಲ್ಲಿಯೇ ಇದನ್ನು ವಿರೋಧಿಸಿದ್ದರು. ಒಂದೇ ವಿಳಾಸ ಎಲ್ಲ ಯಂತ್ರಗಳಲ್ಲಿಯೂ ತೆರೆಯಬೇಕು, ಮೊಬೈಲಿಗೊಂದು ಬೇರೆ ಕೇರಿ ಬೇಡ ಎಂಬುದು ಅವರ ವಾದ. ಮುಂದೆ ಸ್ಮಾರ್ಟ್‌ಫೋನುಗಳು ಬಂದು, ಒಂದೇ ಪುಟ ಪರದೆಯ ಅಗಲಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವ ವಿಧಾನ ಬಳಕೆಗೆ ಬಂದಾಗ ಅವರ ಮಾತೇ ನಿಂತಿತು.

ಎರಡನೆಯದು ಮಾರುಕಟ್ಟೆಯ ದಾರಿ. 2015ರ ಏಪ್ರಿಲ್ 21ರಿಂದ ಗೂಗಲ್ ಸಂಸ್ಥೆಯು, ಮೊಬೈಲಿನಲ್ಲಿ ಹುಡುಕುವಾಗ ಮೊಬೈಲಿಗೆ ಹೊಂದುವ ಪುಟಗಳಿಗೆ ಮೇಲಿನ ಸ್ಥಾನ ಕೊಡತೊಡಗಿತು. ಗಿರಾಕಿ ತಪ್ಪಿಹೋಗುವ ಭಯಕ್ಕೆ ವ್ಯಾಪಾರಿಗಳು ತಮ್ಮ ತಾಣಗಳನ್ನು ತಿದ್ದಿಕೊಂಡರು. ಆದರೆ ಅರ್ಜಿ ಪಡೆಯುವ ಕಚೇರಿಗೆ ಗಿರಾಕಿಯ ಭಯವಿಲ್ಲ. ನಾವು ಬೇರೆ ಅಂಗಡಿಗೆ ಹೋಗುವಂತಿಲ್ಲ.

ಆದ್ದರಿಂದ ಮೂರನೆಯದು ಕಾನೂನಿನ ದಾರಿ. ಸರ್ಕಾರಿ ಜಾಲತಾಣಗಳಿಗಾಗಿ ಕೇಂದ್ರದ ಮಾರ್ಗಸೂಚಿ 2009ರಲ್ಲಿ ಹೊರಬಂತು. 2023ರ ಮೂರನೆಯ ಆವೃತ್ತಿ ಮೊಬೈಲ್ ಆ್ಯಪ್‌ಗಳನ್ನೂ ಒಳಗೊಂಡಿದೆ. ತಾಣಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡಲು ಎಸ್‌ಟಿಕ್ಯೂಸಿ ಎಂಬ ಸರ್ಕಾರಿ ಸಂಸ್ಥೆಯೂ ಇದೆ. ಆದರೂ ಹೆಸರೇ ಹೇಳುವಂತೆ ಅದು ಮಾರ್ಗಸೂಚಿ. ಪಾಲಿಸದಿದ್ದರೆ ಪುಸ್ತಕದ ಬದನೆಕಾಯಿ. ಈ ದೌರ್ಬಲ್ಯವನ್ನು ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು ರಾಜೀವ್ ರತುರಿ ಪ್ರಕರಣದಲ್ಲಿ ಎತ್ತಿ ತೋರಿಸಿತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಕಡ್ಡಾಯವಾದ ಮಾನದಂಡಗಳನ್ನು ಬಯಸುತ್ತದೆ. ಅದರ ಕೆಳಗಿನ 2017ರ ನಿಯಮ 15(1) ಬರೀ ಸಲಹೆಯಂತಿದೆ ಎಂದು ಹೇಳಿ ಆ ನಿಯಮವನ್ನು ರದ್ದುಪಡಿಸಿ, ಕಡ್ಡಾಯ ನಿಯಮ ರೂಪಿಸಲು ಮೂರು ತಿಂಗಳ ಗಡುವು ಕೊಟ್ಟಿತು. 2025ರ ಏಪ್ರಿಲ್ 30ರ ಇನ್ನೊಂದು ತೀರ್ಪಿನಲ್ಲಿ, ಡಿಜಿಟಲ್ ಸೇವೆಗಳು ಕೈಗೆಟುಕುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸಾರಿತು.

ಈ ತೀರ್ಪುಗಳು ಅಂಗವಿಕಲರಿಗಾಗಿ ಬಂದವು. ಆದರೆ ಕಣ್ಣು ಮಂಜಾದ ನಮ್ಮ ಹಿರಿಯರಿಗೂ, ಕತ್ತಿ ಹಿಡಿದು ಬೆರಳು ಒರಟಾದ ನಮಗೂ ಬೇಕಾದದ್ದು ಅದೇ ಅಳತೆ. ಕೋರ್ಟು ಹೇಳಿದ್ದು ನಮಗೆ ಹಳೆಯ ಪಾಠ: ಜರಡಿ ಇಲ್ಲದ ದರ್ಜೆ ದರ್ಜೆಯೇ ಅಲ್ಲ.

ಪರರ ತಪ್ಪು ಎಣಿಸುವ ಮೊದಲು ನಮ್ಮ ಅಂಗಳ ಗುಡಿಸೋಣ. ಸಂಘದ ತಾಣವನ್ನು ಹೊಸದಾಗಿ ಮಾಡಿಸುವ ಕರಾರಿನಲ್ಲಿ ಈ ಷರತ್ತುಗಳಿರಬೇಕೆಂದು ಮುಂದಿನ ಸಭೆಯ ಮುಂದಿಡುತ್ತಿದ್ದೇನೆ.

1. ಅಂತಾರಾಷ್ಟ್ರೀಯ ಮಾನದಂಡ ಹೇಳುವಂತೆ, 320 ಪಿಕ್ಸೆಲ್ ಅಗಲದ ಪರದೆಯಲ್ಲಿಯೂ ಪುಟವನ್ನು ಪಕ್ಕಕ್ಕೆ ಎಳೆಯದೆ ಓದುವಂತಿರಬೇಕು.

2. ಅಕ್ಷರವನ್ನು ಎರಡು ಪಟ್ಟು ಹಿಗ್ಗಿಸಿದರೂ ಯಾವುದೂ ಮರೆಯಾಗಬಾರದು. ಅಕ್ಷರಕ್ಕೂ ಹಿನ್ನೆಲೆಗೂ ಬಣ್ಣದ ಅಂತರ ಕನಿಷ್ಠ 4.5ಕ್ಕೆ 1 ಇರಬೇಕು.

3. ಕನ್ನಡವು ಯೂನಿಕೋಡಿನಲ್ಲಿರಬೇಕು, ಚಿತ್ರವಾಗಿ ಅಲ್ಲ. ಆಗಲೇ ಅದನ್ನು ಹುಡುಕಬಹುದು, ಓದಲು ಬಾರದವರಿಗೆ ಮೊಬೈಲಿನಿಂದ ಓದಿಸಿ ಕೇಳಿಸಬಹುದು.

4. ಧಾರಣೆ ಮೊದಲು, ಚಿತ್ರ ಆಮೇಲೆ.

5. ಬಿಲ್ಲಿನ ಕಾಲು ಭಾಗವನ್ನು ತಡೆಹಿಡಿಯಬೇಕು. ಐವರು ಸದಸ್ಯರು ತಮ್ಮ ತೋಟದಲ್ಲಿ, ತಮ್ಮದೇ ಮೊಬೈಲಿನಲ್ಲಿ ತೆರೆದು ನೋಡಿ ಒಪ್ಪಿದ ಮೇಲೆಯೇ ಅದನ್ನು ಸಲ್ಲಿಸಬೇಕು.

ಕೊನೆಯ ಷರತ್ತೇ ನಮ್ಮ ಜರಡಿ. ಅದಿಲ್ಲದಿದ್ದರೆ ಮೊದಲ ನಾಲ್ಕೂ ಬರೀ ಕಾಗದ.

ಅರ್ಜಿ ತಪ್ಪಿದ ಆ ಹಿರಿಯರನ್ನು ಪರೀಕ್ಷಿಸುವ ಐವರಲ್ಲಿ ಒಬ್ಬರಾಗಲು ಕೇಳಿಕೊಂಡೆ. "ಸೆಕ್ರೆಟರಿಗಳೇ, ನನಗೆ ಇದೆಲ್ಲ ಗೊತ್ತಾಗುವುದಿಲ್ಲವಲ್ಲ" ಎಂದರು. ಗೊತ್ತಾಗದವರಿಗೂ ತೆರೆಯಬೇಕೆಂಬುದೇ ಪರೀಕ್ಷೆ ಎಂದೆ, ಒಪ್ಪಿದ್ದಾರೆ. ಇನ್ನು ನಾಲ್ವರು ಬೇಕು. ಹಳೆಯ ಮೊಬೈಲು, ದುರ್ಬಲ ಸಿಗ್ನಲ್ ಉಳ್ಳ ಸದಸ್ಯರಿಗೆ ಆದ್ಯತೆ. ಆಸಕ್ತರು ಸಂಘದ ಕಚೇರಿಯಲ್ಲಿ ಹೆಸರು ಕೊಡಬೇಕೆಂದು ಕೋರಿಕೆ.

— ಕಾರ್ಯದರ್ಶಿ